ಗುಡ್ಡದಾಚೆಯ ಗಂಟೆ

ಮರದ ದಿಮ್ಮಿ ಹೊತ್ತ ಗಾಡಿ ಸುರಂಗದ ಬಾಯಿಯ ಹತ್ತಿರ ಬಂದು ಒಮ್ಮೆ ಮುಗ್ಗರಿಸಿತು. ಮತ್ತೆ ಸಾವರಿಸಿಕೊಂಡು ಗುಡ್ಡದೊಳಗೆ ನುಗ್ಗಿತು. ಹನ್ನೊಂದು ವ್ಯಾಗನ್ನುಗಳು, ಒಂದೊಂದೂ ಅಂಗೈಯಷ್ಟು ಉದ್ದ. ಬೆರಳು ಗಾತ್ರದ ಕಡ್ಡಿಗಳನ್ನು ತೊಗಟೆ ಸಮೇತ ಕೊಯ್ದು, ಸಾಲಾಗಿ ಜೋಡಿಸಿ, ದಾರದಿಂದ ಬಿಗಿದ ಹೊರೆ ಅವುಗಳ ಬೆನ್ನ ಮೇಲಿತ್ತು.

"ಬಂತಾ?" ಎಂದು ಇನ್‌ಸ್ಪೆಕ್ಟರ್ ಕೂಗಿದಳು.

ಗುಡ್ಡದ ಆಚೆಯಿಂದ ಪೇದೆಯ ದನಿ ಬಂತು. "ಇಂಜಿನ್ನು ಬಂತು ಮೇಡಂ. ಬಾಲ ಇನ್ನೂ ಒಳಗಿದೆ. ಹಾಂ, ಈಗ ಬಂತು. ಹನ್ನೊಂದೂ ಬಂದವು."

"ಸಾಮಿಲ್ ಸೈಡಿಂಗಿಗೆ ಹಾಕಿ. ಇಂಜಿನ್ ಬಿಚ್ಚಿ, ಪಕ್ಕದ ಹಳಿಯಲ್ಲಿ ಸುತ್ತಿಸಿ, ಹಿಂದಕ್ಕೆ ತನ್ನಿ. ಫೋಟೋದಲ್ಲಿ ಹೇಗಿದೆಯೋ ಹಾಗೇ ನಿಲ್ಲಬೇಕು."

"ಮೂವತ್ತೈದು ವರ್ಷ ಲಾಠಿ ಹಿಡಿದ ಕೈಗೆ ಹಲ್ಲುಕಡ್ಡಿಯಂಥದ್ದು ಕೊಟ್ಟು ವ್ಯಾಗನ್ ಬಿಚ್ಚು ಅಂತೀರಿ. ಸ್ವಲ್ಪ ತಾಳಿ."

ರೈಲ್ವೆಯಿಂದ ನಿವೃತ್ತರಾಗಿದ್ದ ಯಾರ್ಡ್ ಮಾಸ್ತರರು ಈ ಕೋಣೆಯಲ್ಲಿ ಸತ್ತು ಇವತ್ತಿಗೆ ಹನ್ನೆರಡು ದಿನ. ಸ್ಟೂಲಿನಿಂದ ಜಾರಿ ಬಿದ್ದರು ಎಂದು ಠಾಣೆಯ ಕಡತ ಹೇಳುತ್ತಿತ್ತು, ಯಾರೋ ಹೊಡೆದಿದ್ದಾರೆ ಎಂದು ಮಗಳ ದೂರು ಹೇಳುತ್ತಿತ್ತು.

ಇನ್‌ಸ್ಪೆಕ್ಟರ್ ಮಗಳ ಮಾತನ್ನು ನಂಬಿದ್ದಳು. ಸ್ಟೂಲಿನಿಂದ ಜಾರಿದವನ ನೆತ್ತಿಗೆ ಏಟು ಬೀಳುವುದಿಲ್ಲ. ಇಷ್ಟು ಸಣ್ಣ ವಿಷಯವನ್ನು ಮೇಲಿನ ಸಾಹೇಬರ ತಲೆಗೆ ಹೊಗಿಸಲು ಆಕೆಗೆ ಆಗಿರಲಿಲ್ಲ. ಬೆಳಿಗ್ಗೆ ಅವರು ಫೋನಿನಲ್ಲೇ ಹರಿಹಾಯ್ದಿದ್ದರು. "ನಾಲ್ಕು ದಿನದಿಂದ ಆಟದ ಗಾಡಿ ಬಿಟ್ಕೊಂಡು ಕೂತಿದ್ದೀರಂತೆ. ಇಡೀ ಇಲಾಖೆ ನಗ್ತಾ ಇದೆ. ಸಂಜೆ ಒಳಗೆ ಕಡತ ಮುಚ್ಚಿ, ಇಲ್ಲ ಅಂದ್ರೆ ಅದನ್ನ ಬೇರೆಯವರ ಕೈಗೆ ಕೊಡ್ತೀನಿ."

ಆಕೆ ಮಾತ್ರ ಮಧ್ಯಾಹ್ನ ಒಂದೂವರೆಗೆ ಸರಿಯಾಗಿ ಮೊದಲ ಗಾಡಿ ಬಿಟ್ಟಿದ್ದಳು.

ಮನೆಯ ಮಹಡಿಯ ಉದ್ದಕ್ಕೂ ಒಂದೇ ಕೋಣೆ. ಅದರ ತುಂಬಾ ಸೊಂಟದೆತ್ತರದ ಮರದ ಮೇಜು, ಮೇಜಿನ ತುಂಬಾ ಹಳಿ. ನಟ್ಟನಡುವೆ ಗೋಡೆಯಿಂದ ಗೋಡೆಗೆ ಒಂದು ಗುಡ್ಡ. ತಂತಿಯ ಬಲೆಗೆ ಗಾರೆ ಮೆತ್ತಿ ಕಟ್ಟಿದ ಆ ಗುಡ್ಡ ಸೂರಿಗೆ ಒಂದು ಗೇಣು ಉಳಿಯುವಷ್ಟು ಎತ್ತರ. ಈಚೆ ಗೂಡ್ಸ್ ಯಾರ್ಡು, ಮಾಸ್ತರರ ಸ್ಟೂಲು, ಸ್ವಿಚ್ಚುಗಳ ಹಲಗೆ. ಆಚೆ ಸಾಮಿಲ್ಲು, ಸಿಮೆಂಟ್ ಕಾರ್ಖಾನೆ, ಎಣ್ಣೆ ಡಿಪೋ, ಮತ್ತೊಂದು ಹಲಗೆ. ಗಾಡಿಗಳು ಸುರಂಗದಲ್ಲಿ ಹೋಗಿ ಬರುತ್ತವೆ. ಮನುಷ್ಯರು ಹೋಗಬೇಕಾದರೆ ಮೇಜಿನ ಕೆಳಗೆ ಅಂಬೆಗಾಲಿಡಬೇಕು.

ಅಲ್ಲಿಗೇ ಆಕೆಯ ಅನುಮಾನ ಶುರುವಾಗಿದ್ದು. ಮಾಸ್ತರರ ಬಲ ಮಂಡಿ ಮಡಿಚದೆ ಏಳು ವರ್ಷವಾಗಿತ್ತು. ಡಾಕ್ಟರರೇ ಬರೆದುಕೊಟ್ಟಿದ್ದರು. ಹಾಗಿದ್ದರೆ ಆಚೆಯ ಸೈಡಿಂಗುಗಳಿಗೆ, ಸರಕು ಇಳಿಸುವ ಆ ಕವಲು ಹಳಿಗಳಿಗೆ, ವ್ಯಾಗನ್ ಹಾಕುತ್ತಿದ್ದವರು ಯಾರು?

"ನಿಂತಿತು ಮೇಡಂ," ಎಂದ ಪೇದೆ. "ಫೋಟೋಗೂ ಇದಕ್ಕೂ ಕೂದಲೆಳೆ ವ್ಯತ್ಯಾಸ ಇಲ್ಲ."

"ಟೈಮು?"

"ಮೂರು ಐವತ್ತೆರಡು."

ಇನ್‌ಸ್ಪೆಕ್ಟರ್ ಪುಸ್ತಕದಲ್ಲಿ ಬರೆದುಕೊಂಡಳು.

ಮಾಸ್ತರರು ಪ್ರತಿ ಭಾನುವಾರ ನಾಲ್ಕು ಗಾಡಿ ಓಡಿಸುತ್ತಿದ್ದರು. ಮೊದಲು ಕಲ್ಲಿದ್ದಲು, ಆಮೇಲೆ ಎಣ್ಣೆಯ ಟ್ಯಾಂಕರು, ಮೂರನೆಯದು ಸಿಮೆಂಟು, ಕೊನೆಗೆ ಮರ. ಸುಮ್ಮನೆ ಗಿರಗಿರ ಸುತ್ತಿಸುವ ಆಟವಲ್ಲ ಅದು. ಪ್ರತಿ ವ್ಯಾಗನ್ನಿಗೂ ಒಂದು ರಟ್ಟಿನ ಚೀಟಿ: ಎಲ್ಲಿಂದ ಬಂತು, ಏನು ಹೊತ್ತಿದೆ, ಎಲ್ಲಿ ಇಳಿಸಬೇಕು. ಚೀಟಿಯಲ್ಲಿ ಹೇಳಿದ ಕಡೆ ಅದು ನಿಲ್ಲುವ ತನಕ ಮುಂದಿನ ಗಾಡಿ ಹೊರಡುವಂತಿಲ್ಲ. ಯಾವುದು ಎಲ್ಲಿಂದ ಹೊರಡುತ್ತದೆ ಎಂಬುದನ್ನು ಅವರು ಶನಿವಾರ ಸಂಜೆಯೇ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಎಲ್ಲಿ ನಿಂತಿತೆಂಬುದು ಹೆಣದ ಜೊತೆ ತೆಗೆದ ಫೋಟೋಗಳಲ್ಲಿತ್ತು. ನಾಲ್ಕೂ ಗಾಡಿ ಗುರಿ ಮುಟ್ಟಿದ್ದವು.

ಆ ಭಾನುವಾರ ಮಾಸ್ತರರು ಊಟ ಮುಗಿಸಿ ಮೇಲೆ ಬಂದದ್ದು ಒಂದೂವರೆಗೆ. ಎಷ್ಟೇ ಚುರುಕಾಗಿ ಓಡಿಸಿದರೂ ಕೆಲಸ ಮುಗಿಯುವುದು ನಾಲ್ಕರ ಹತ್ತಿರ ಹತ್ತಿರ. ಶವಪರೀಕ್ಷೆ ಮಾಡಿದ ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು, ಜೀವ ಹೋದದ್ದು ಮೂರು ಗಂಟೆಗೆ ಮೊದಲು.

ಸತ್ತ ಮನುಷ್ಯ ಕಾಲಬುಡದಲ್ಲಿ ಬಿದ್ದಿರುವಾಗ, ಇದೇ ಹಲಗೆಯ ಮುಂದೆ ನಿಂತು ಯಾರೋ ಒಂದು ಗಂಟೆ ಕಾಲ ಗೂಡ್ಸ್ ಗಾಡಿ ಓಡಿಸಿದ್ದರು.

"ಆಯ್ತಾ ಮಕ್ಕಳಾಟ?"

ಬಾಗಿಲಲ್ಲಿ ಮಾಸ್ತರರ ತಮ್ಮನ ಹೆಂಡತಿ ನಿಂತಿದ್ದಳು. ಮಾಸ್ತರರನ್ನು ಬಿಟ್ಟರೆ ಕೆಳಗಿನ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ ಇದ್ದರು. ನಾಲ್ಕು ದಿನದಿಂದ ಪೊಲೀಸರು ಮೆಟ್ಟಿಲು ಹತ್ತಿದಾಗಲೆಲ್ಲ ಅವರ ಹಿಂದೆಯೇ ಒದ್ದೆ ಬಟ್ಟೆ ಹಿಡಿದು ಮೆಟ್ಟಿಲು ಒರೆಸುವುದು ಅವಳ ವಾಡಿಕೆಯಾಗಿತ್ತು.

"ಇನ್ನೂ ಇಲ್ಲಮ್ಮ."

"ಐದು ಗಂಟೆಗೆ ಗುಜರಿಯವರು ಬರ್ತಾರೆ. ಮೇಜು, ಹಳಿ, ಗುಡ್ಡ, ಎಲ್ಲಾ ಒಡೆದು ಒಯ್ಯಕ್ಕೆ ಹೇಳಿದ್ದೀನಿ. ಈ ಮನೇಲಿ ನೆಮ್ಮದಿಯಾಗಿ ಒಂದು ದಿನ ನಿದ್ದೆ ಮಾಡ್ಬೇಕು ನಾನು."

"ತನಿಖೆ ಮುಗಿಯೋ ತನಕ ಒಂದು ಮೊಳೆಯನ್ನೂ ಕೀಳೋ ಹಾಗಿಲ್ಲ."

"ತನಿಖೆ," ಎಂದು ಅವಳು ಆ ಪದವನ್ನು ಕಹಿ ಮಾತ್ರೆಯಂತೆ ಉಗಿದಳು. "ಬದುಕಿದ್ದಾಗ ನಮ್ಮ ಭಾವನವರಿಗೆ ಒಂದು ಲೋಟ ನೀರು ಬೇಕಾ ಅಂತ ಕೇಳಿದವರಿಲ್ಲ. ಮಗಳು ವರ್ಷಕ್ಕೊಂದು ಸಲ ಬಂದು ಮುಖ ತೋರ್ಸಿ ಹೋಗ್ತಿದ್ದಳು. ಊಟ ತಿಂಡಿ ಬಿಸಿನೀರು ಎಲ್ಲಾ ನನ್ನ ತಲೆ ಮೇಲೆ. ಈಗ ಸತ್ತ ಮೇಲೆ ನಮ್ಮ ಮೇಲೇ ಗೂಬೆ ಕೂರಿಸೋದು."

"ನಿಮ್ಮ ಮೇಲೆ ಯಾರೂ ಏನೂ ಹೇಳಿಲ್ಲ."

"ಬಾಯಿಬಿಟ್ಟು ಹೇಳ್ಬೇಕಾ? ಮನೇಲಿ ಇದ್ದದ್ದು ನಾವಿಬ್ಬರೇ. ಯಾರನ್ನ ನೋಡ್ತಾ ಇದ್ದೀರಿ ಅಂತ ನಂಗೆ ಗೊತ್ತಾಗಲ್ವಾ?"

"ನಿಮ್ಮ ಯಜಮಾನರನ್ನ ಒಂದು ಸಲ ಮೇಲೆ ಕಳಿಸಿ."

ಅವಳ ಮುಖ ಬಿಗಿಯಿತು. "ಅವರು ಈ ಕೋಣೆಗೆ ಕಾಲಿಡಲ್ಲ. ಒಂಬತ್ತು ವರ್ಷದಿಂದ ಅಣ್ಣನೂ ತಮ್ಮನೂ ಮುಖ ಕೊಟ್ಟು ಮಾತಾಡಿಲ್ಲ. ಊರಿಗೆಲ್ಲ ಗೊತ್ತಿರೋ ವಿಷಯ."

"ಹೊಸ್ತಿಲ ಹೊರಗೆ ನಿಂತ್ಕೊಂಡೇ ಮಾತಾಡ್ಲಿ. ಇಲ್ಲ ಅಂದ್ರೆ ಠಾಣೆಗೆ ಬರಬೇಕಾಗುತ್ತೆ. ಜೀಪು ಬೀದಿಯಲ್ಲೇ ಇದೆ, ನಾಲ್ಕು ಜನ ನೋಡ್ತಾರೆ."

ಅವಳು ಒಂದು ಕ್ಷಣ ಇನ್‌ಸ್ಪೆಕ್ಟರನ್ನು ನುಂಗುವಂತೆ ನೋಡಿದಳು. ಆಮೇಲೆ ಮೆಟ್ಟಿಲು ದಡದಡ ಇಳಿದಳು.

ಮೇಜಿನ ಕೆಳಗಿನಿಂದ ಪೇದೆ ತೆವಳಿಕೊಂಡು ಈಚೆ ಬಂದು, ಸೊಂಟ ಹಿಡಿದು ನೆಟ್ಟಗಾದ. "ನಿವೃತ್ತಿಗೆ ಏಳು ತಿಂಗಳಿದೆ ಮೇಡಂ. ಅಷ್ಟರಲ್ಲಿ ನನ್ನ ಮಂಡಿಯೂ ಮಾಸ್ತರರ ಮಂಡಿಯೇ."

"ಆ ಕಡೆಯ ಬಾಗಿಲು?"

ಆಚೆ ಭಾಗದಲ್ಲಿ ಹಿತ್ತಲ ಮೆಟ್ಟಿಲಿಗೆ ತೆರೆಯುವ ಒಂದು ಸಣ್ಣ ಬಾಗಿಲಿತ್ತು. ಒಂಬತ್ತು ವರ್ಷದ ಹಿಂದೆಯೇ ಮೊಳೆ ಹೊಡೆದು ಮುಚ್ಚಿದ್ದೆಂದು ಮನೆಯವರು ಹೇಳಿದ್ದರು.

"ನೀವು ಹೇಳಿದ ಹಾಗೆ ನೋಡಿದೆ," ಪೇದೆ ದನಿ ತಗ್ಗಿಸಿದ. "ಮೊಳೆಯ ತಲೆ ಇದೆ, ಮೊಳೆ ಇಲ್ಲ. ಆರಕ್ಕೆ ಆರೂ ಕತ್ತರಿಸಿ, ತಲೆ ಮಾತ್ರ ಗೋಂದಿನಲ್ಲಿ ಅಂಟಿಸಿದ್ದಾರೆ. ತಿರುಗಣಿಗೆ ಎಣ್ಣೆ ಬಿಟ್ಟಿದ್ದಾರೆ. ನೂಕಿದರೆ ಬೆಕ್ಕು ನಡೆದಷ್ಟು ಸದ್ದಿಲ್ಲ."

ಇನ್‌ಸ್ಪೆಕ್ಟರ್ ತಲೆಯಾಡಿಸಿದಳು. ಯಾರ್ಡಿನಿಂದ ಎಂಟು ಖಾಲಿ ವ್ಯಾಗನ್ನುಗಳನ್ನು ಆರಿಸಿ ಇಂಜಿನ್ನಿನ ಬೆನ್ನಿಗೇ ಕಟ್ಟಿದಳು. ಬರೀ ಹಲಗೆಯಂಥ, ಊದಿದರೆ ಹಾರುವಂಥ ಹಗುರ ವ್ಯಾಗನ್ನುಗಳು ಅವು. ಅವುಗಳ ಹಿಂದೆ ಕಲ್ಲಿದ್ದಲಿನ ಹತ್ತು ವ್ಯಾಗನ್ ಜೋಡಿಸಿದಳು. ನಿಜವಾದ ಕಲ್ಲಿದ್ದಲನ್ನೇ ಕುಟ್ಟಿ ತುಂಬಿ, ತಳಕ್ಕೆ ಸೀಸದ ಗುಂಡು ಹಾಕಿದ್ದ ಅವು ಕೈಗೆ ಭಾರವಾಗಿದ್ದವು.

"ಇದು ಅವತ್ತಿನ ಪಟ್ಟಿಯಲ್ಲಿ ಇಲ್ವಲ್ಲ ಮೇಡಂ."

"ಇಲ್ಲ. ನೀವು ಹಿಂದಿನ ಬಾಗಿಲ ಹತ್ತಿರ ನಿಂತಿರಿ."

ಪೇದೆ ನಿಟ್ಟುಸಿರು ಬಿಟ್ಟು ಮತ್ತೆ ಮೇಜಿನ ಕೆಳಗೆ ಹೊಕ್ಕ.

*

ತಮ್ಮ ಬಂದು ಹೊಸ್ತಿಲ ಆಚೆಯೇ ನಿಂತ. ಅರವತ್ತು ದಾಟಿದ ಗಟ್ಟಿ ಆಳು. ಕತ್ತರಿಸಿದ ಬಿಳಿ ಮೀಸೆ, ಕುತ್ತಿಗೆಯವರೆಗೂ ಗುಂಡಿ ಹಾಕಿದ ಅಂಗಿ. ಒಂದು ಕಾಲದಲ್ಲಿ ಗೂಡ್ಸ್ ಗಾಡಿಯ ಗಾರ್ಡ್ ಆಗಿದ್ದವನು. ಕೆಲಸ ಹೋಗಿ ಒಂಬತ್ತು ವರ್ಷವಾದರೂ ನಿಲುವಿನಲ್ಲಿ ಆ ಬಿಗಿ ಉಳಿದಿತ್ತು.

"ಏನು ಕೇಳ್ಬೇಕೋ ಬೇಗ ಕೇಳಿ," ಎಂದ.

"ಒಳಗೆ ಬನ್ನಿ."

"ಇಲ್ಲೇ ಚೆನ್ನಾಗಿದೆ."

"ಆ ಭಾನುವಾರ ಮಧ್ಯಾಹ್ನ ಎಲ್ಲಿದ್ರಿ?"

"ಮೂರು ಸಲ ಹೇಳಿದ್ದೀನಿ. ಕೆಳಗೆ, ಹಿಂದಿನ ರೂಮಲ್ಲಿ ಮಲಗಿದ್ದೆ."

"ಈ ಗಾಡಿಗಳನ್ನ ಓಡಿಸೋದು ನಿಮಗೆ ಗೊತ್ತಾ?"

"ನಂಗ್ಯಾಕೆ ಗೊತ್ತಿರುತ್ತೆ? ಇದೆಲ್ಲ ಅವನ ಹುಚ್ಚು. ನಾನು ಓಡಿಸಿದ್ದು ನಿಜವಾದ ಗಾಡಿ."

"ಅಣ್ಣನ ಮೇಲೆ ನಿಮಗೆ ಸಿಟ್ಟಿತ್ತು."

"ಇತ್ತು. ಈಗಲೂ ಇದೆ. ಸತ್ತ ಅಂತ ಸಿಟ್ಟು ಸಾಯಲ್ಲ." ಅವನ ದನಿ ಒಂದಿಷ್ಟೂ ಏರಲಿಲ್ಲ. "ಗಾಡಿ ಜೋಡಿಸಿದವನು ಅವನು. ತಿರುವಲ್ಲಿ ಉರುಳಿದಾಗ, ಗಾರ್ಡ್ ಸರಿಯಾಗಿ ನೋಡಿಲ್ಲ ಅಂತ ವಿಚಾರಣೇಲಿ ಹೇಳಿದವನೂ ಅವನೇ. ನನ್ನ ಎದುರಿಗೇ, ನನ್ನ ಮುಖ ನೋಡದೆ ಹೇಳಿದ. ಬರ್ಕೊಳ್ಳಿ ಬೇಕಾದ್ರೆ. ಆದ್ರೆ ಸಿಟ್ಟಿದ್ದವರೆಲ್ಲ ಕೊಲೆ ಮಾಡೋದಾದ್ರೆ ನಿಮ್ಮ ಜೈಲು ಸಾಕಾಗಲ್ಲ."

ಇನ್‌ಸ್ಪೆಕ್ಟರ್ ಹಲಗೆಯ ಮೇಲಿನ ಗುಂಡಿ ತಿರುಗಿಸಿದಳು. ಇಂಜಿನ್ ಗುರುಗುಟ್ಟಿ ಯಾರ್ಡು ಬಿಟ್ಟಿತು. ಎಂಟು ಖಾಲಿ ವ್ಯಾಗನ್ನುಗಳು ಲಟಲಟ ಎನ್ನುತ್ತಾ, ಹಿಂದಿನ ಹತ್ತು ಭಾರಕ್ಕೆ ಜಗ್ಗುತ್ತಾ, ಗುಡ್ಡದ ಏರು ಹತ್ತತೊಡಗಿದವು. ಏರಿನ ತುದಿಯಲ್ಲಿ ಕುದುರೆಲಾಳದಂಥ ತಿರುವು.

ಆಕೆ ಗಾಡಿಯನ್ನು ನೋಡುತ್ತಿರಲಿಲ್ಲ. ಅವನನ್ನೇ ನೋಡುತ್ತಿದ್ದಳು.

ಅವನ ಕಣ್ಣು ಗಾಡಿಯ ಜೊತೆ ಹೊರಟಿತು. ದವಡೆ ಬಿಗಿಯಾಯಿತು. ಬಾಗಿಲ ಚೌಕಟ್ಟಿನ ಮೇಲಿದ್ದ ಬೆರಳುಗಳು ಬಿಳಿಚಿದವು.

ಆಕೆ ವೇಗ ಇನ್ನೊಂದಿಷ್ಟು ಹೆಚ್ಚಿಸಿದಳು.

"ಖಾಲಿದನ್ನ ಮುಂದೆ ಹಾಕಬೇಡಿ," ಎಂದ ತಮ್ಮ.

"ಏನಂದ್ರಿ?"

"ಹಿಂದೆ ಅಷ್ಟು ಭಾರ ಇಟ್ಟು ಮುಂದೆ ಖಾಲಿ ಹಾಕಿದ್ರೆ ತಿರುವಲ್ಲಿ ಒಳಕ್ಕೆ ಎಳೆದು ಕೆಡವುತ್ತೆ. ನಿಲ್ಲಿಸಿ ಅದನ್ನ. ನಿಲ್ಲಿಸಿ ಅಂದೆ."

ಆಕೆ ನಿಲ್ಲಿಸಲಿಲ್ಲ. ತಿರುವಿನ ನಡುವೆ ಬಂದಾಗ ನಾಲ್ಕನೆಯ ಖಾಲಿ ವ್ಯಾಗನ್ ಹಳಿಯಿಂದ ಎದ್ದು ಒಳಬದಿಗೆ ವಾಲಿತು. ಅದರ ಹಿಂದಿನದೂ ವಾಲಿತು. ಎರಡೂ ಗುಡ್ಡದ ಇಳಿಜಾರಿನಲ್ಲಿ ಉರುಳಿ ಮೇಜಿನ ಅಂಚಿಗೆ ಬಂದು ಬಿದ್ದವು.

ಅವನು ಹೊಸ್ತಿಲು ದಾಟಿದ್ದು ಅವನಿಗೇ ತಿಳಿದಂತಿರಲಿಲ್ಲ. ಎರಡು ಹೆಜ್ಜೆಯಲ್ಲಿ ಮೇಜು ಮುಟ್ಟಿ, ಬಲಗೈಯಿಂದ ಗುಂಡಿ ತಿರುಗಿಸಿ ಗಾಡಿ ನಿಲ್ಲಿಸಿದ. ಬಿದ್ದ ವ್ಯಾಗನ್ನನ್ನು ಎರಡು ಬೆರಳಲ್ಲಿ ಹಿಡಿದು, ಹಳಿಯ ಮೇಲಿಟ್ಟು, ಉಗುರಿನ ತುದಿಯಿಂದ ಮೆಲ್ಲಗೆ ನೂಕಿದ. ಎಂಟು ಗಾಲಿಯೂ ಟಕ್ಕೆಂದು ಕೂತವು. ಇನ್ನೊಂದನ್ನೂ ಹಾಗೆಯೇ ಕೂರಿಸಿದ. ಪೇದೆ ಇದೇ ಕೆಲಸಕ್ಕೆ ಒಂದೊಂದು ಸಲವೂ ಹತ್ತು ನಿಮಿಷ ಒದ್ದಾಡುತ್ತಿದ್ದ.



"ಒಂಬತ್ತು ವರ್ಷದಿಂದ ಕಾಲಿಡದ ಕೋಣೆ," ಎಂದಳು ಇನ್‌ಸ್ಪೆಕ್ಟರ್.

"ಗಾರ್ಡ್ ಆಗಿದ್ದವನು ನಾನು. ಗೊತ್ತಿರುತ್ತೆ."

"ಗಾರ್ಡ್ ಆಗಿದ್ದಾಗ ವ್ಯಾಗನ್ನನ್ನ ಎರಡು ಬೆರಳಲ್ಲಿ ಎತ್ತಿ ಕೂರಿಸ್ತಿದ್ರಾ?"

ಅವನು ಕೈಯನ್ನು ಅಂಗಿಗೆ ಒರೆಸಿಕೊಂಡ, ಏನೋ ಅಂಟಿದೆ ಎಂಬಂತೆ.

"ಹಿಂದಿನ ಬಾಗಿಲ ಮೊಳೆಗೆ ತಲೆ ಮಾತ್ರ ಇದೆ," ಎಂದಳು ಆಕೆ. "ನಿಮ್ಮ ರೂಮಿನಿಂದ ಹಿತ್ತಲ ಮೆಟ್ಟಿಲಿಗೆ ಆರು ಹೆಜ್ಜೆ. ನಿಮ್ಮ ಹೆಂಡತಿ ಮುಂದುಗಡೆ ಇದ್ದರೆ ನೀವು ಹತ್ತಿದ್ದು ಕಾಣೋದೂ ಇಲ್ಲ, ಕೇಳೋದೂ ಇಲ್ಲ. ನಾನು ಹೇಳಲಾ, ನೀವು ಹೇಳ್ತೀರಾ?"

"ನೀವೇ ಎಲ್ಲಾ ತೀರ್ಮಾನ ಮಾಡ್ಕೊಂಡು ಬಂದಿದ್ದೀರಿ. ನಾನು ಹೇಳೋದೇನಿದೆ?"

ಆಕೆ ಮಾಸ್ತರರ ಪುಸ್ತಕ ತೆರೆದು ಅವನತ್ತ ತಿರುಗಿಸಿದಳು. ಮೊದಲ ಪುಟದಲ್ಲಿ ಕೆಂಪು ಶಾಯಿಯಲ್ಲಿ ಒಂದೇ ಸಾಲು. "ಓದಿ."

ಅವನು ಬೇಡವೆಂದು ಮುಖ ತಿರುಗಿಸಿದ. ಆದರೂ ಕಣ್ಣು ಪುಟದ ಮೇಲೆ ಬಿತ್ತು. ಖಾಲಿ ವ್ಯಾಗನ್ ಯಾವತ್ತೂ ಹಿಂದೆ. ತಪ್ಪು ನನ್ನದು, ಕೆಲಸ ಹೋದದ್ದು ಅವನದು.

ಅವನು ಆ ಸಾಲಿನ ಮೇಲೆ ಬೆರಳಾಡಿಸಿದ.

"ಇದನ್ನ ಬರೆದಿಟ್ಟಿದ್ನಾ?" ಎಂದ. "ಬರೆಯೋ ಬದಲು ಬಾಯಲ್ಲಿ ಒಂದು ಮಾತು ಹೇಳಕ್ಕೆ ಏನು ರೋಗ ಅವನಿಗೆ?"

ಸ್ಟೂಲು ಹತ್ತಿರವೇ ಇದ್ದರೂ ಅವನು ಕೂರಲಿಲ್ಲ. ಮೇಜಿನ ಅಂಚು ಹಿಡಿದು ನಿಂತೇ ಹೇಳಿದ.

ಏಳು ವರ್ಷದ ಹಿಂದೆ, ಅಣ್ಣನ ಮಂಡಿ ಕೆಟ್ಟ ಹೊಸತು. ಒಂದು ಭಾನುವಾರ ಕೆಳಗೆ ಮಲಗಿದ್ದವನಿಗೆ ತಲೆಯ ಮೇಲೆ ಗಾಡಿಯ ಸದ್ದು ಕೇಳುತ್ತಿತ್ತು. ಇದ್ದಕ್ಕಿದ್ದಂತೆ ನಿಂತಿತು. ಗುಡ್ಡದ ಆಚೆ ಬಿದ್ದಿರಬೇಕು. ಅಣ್ಣನಿಗೆ ಮೇಜಿನ ಕೆಳಗೆ ಬಗ್ಗಲಾಗದು. ಅರ್ಧ ಗಂಟೆ ಸದ್ದಿಲ್ಲ. ಆಮೇಲೆ ಕುಂಟುವ ಹೆಜ್ಜೆ ಈ ಗೋಡೆಯಿಂದ ಆ ಗೋಡೆಗೆ, ಆ ಗೋಡೆಯಿಂದ ಈ ಗೋಡೆಗೆ. ಕೇಳಿ ಕೇಳಿ ಇವನಿಗೆ ತಲೆಕೆಟ್ಟಿತು.

"ಬೈಯಕ್ಕೆ ಅಂತಲೇ ಎದ್ದೆ," ಎಂದ. "ಹಿತ್ತಲ ಕಡೆಯಿಂದ ಹತ್ತಿ, ಮೊಳೆ ಕತ್ತರಿಸಿ ಒಳಗೆ ಬಂದೆ. ಎಣ್ಣೆ ಟ್ಯಾಂಕರು ಮಗುಚಿತ್ತು. ಎತ್ತಿ ಕೂರಿಸಿದೆ. ಬೈಯಕ್ಕೆ ಬಾಯಿ ಬರಲಿಲ್ಲ. ಹಲಗೆ ಮೇಲೆ ಗಂಟೆ ಒತ್ತೋ ಗುಂಡಿ ಇತ್ತು. ಯಾರ್ಡುಗಳಲ್ಲಿ ನಾವು ಹಿಂದೆ ಹೊಡೀತಿದ್ದ ಗಂಟೆ. ನಾಲ್ಕು ಸಲ ಒತ್ತಿದೆ. ಗಾಡಿ ಬಂತು ಅಂತ. ತುಂಬಾ ಹೊತ್ತು ಈ ಕಡೆಯಿಂದ ಏನೂ ಇಲ್ಲ. ಆಮೇಲೆ ಎರಡು ಸಲ ಬಂತು. ಇನ್ನೊಂದು ಬಿಡಲಾ, ಅಂತ."

"ನೀವು?"

"ಮೂರು ಒತ್ತಿದೆ. ಬಿಡು, ಅಂತ."

ಅಲ್ಲಿಂದ ಒಂದು ಭಾನುವಾರವೂ ತಪ್ಪಲಿಲ್ಲ. ಅಣ್ಣ ಗುಡ್ಡದ ಈಚೆ, ತಮ್ಮ ಆಚೆ. ಮುಖ ನೋಡಲಿಲ್ಲ, ಒಂದು ಮಾತಾಡಲಿಲ್ಲ. ಕಲ್ಲಿದ್ದಲು ಹೋಯಿತು, ಎಣ್ಣೆ ಬಂತು, ಸಿಮೆಂಟು ಇಳಿಯಿತು. ಮುಗಿದ ಮೇಲೆ ಇವನು ಹಿತ್ತಲಿನಿಂದ ಇಳಿದು ಹೋಗಿ ಮತ್ತೆ ಮಲಗುತ್ತಿದ್ದ. ಸಂಜೆ ಮೆಟ್ಟಿಲಲ್ಲಿ ಎದುರಾದರೆ ಇಬ್ಬರೂ ಮುಖ ತಿರುಗಿಸುತ್ತಿದ್ದರು.

"ನನ್ನ ಹೆಂಡತಿಗೂ ಗೊತ್ತಿಲ್ಲ," ಎಂದ. "ಯಾವ ಬಾಯಲ್ಲಿ ಹೇಳಲಿ? ಅವನ ಹೆಸರೆತ್ತಿದ್ರೆ ತಟ್ಟೆ ತಳ್ಳಿ ಎದ್ದು ಹೋಗ್ತಿದ್ದವನು ನಾನು."

ಇನ್‌ಸ್ಪೆಕ್ಟರಿಗೆ ಒಂದು ಕ್ಷಣ ಮರುಕವೆನಿಸಿತು. ಅದನ್ನು ಆಕೆ ಬದಿಗೆ ತಳ್ಳಿದಳು. ಮರುಕ ಬಂದ ಕಡೆಯೇ ತಾನು ಮೋಸ ಹೋದದ್ದು ಎರಡು ಸಲ ಆಗಿತ್ತು.

"ಅವತ್ತೂ ಬಂದಿದ್ರಿ."

"ಬಂದಿದ್ದೆ."

"ನಾಲ್ಕೂ ಗಾಡಿ ಓಡಿಸಿದ್ರಿ."

"ಓಡಿಸಿದೆ. ಮುಗಿದಾಗ ನಾಲ್ಕು ದಾಟಿತ್ತು."

"ಹಾಗಾದ್ರೆ ಇದಕ್ಕೆ ಉತ್ತರ ಹೇಳಿ." ಆಕೆ ಹತ್ತಿರ ಹೋಗಿ ಅವನ ಎದುರಿಗೇ ನಿಂತಳು. "ನಿಮ್ಮಣ್ಣ ಸತ್ತಿದ್ದು ಮೂರು ಗಂಟೆಗೆ ಮುಂಚೆ. ನೆತ್ತಿಗೆ ಏಟು ಬಿದ್ದು, ನೀವೀಗ ನಿಂತಿದ್ದೀರಲ್ಲ, ಅಲ್ಲೇ ಬಿದ್ದಿದ್ದರು. ನಾಲ್ಕರ ತನಕ ಯಾರ ಜೊತೆ ಓಡಿಸಿದ್ರಿ? ಹೆಣದ ಜೊತೆಗಾ? ಅಥವಾ ಹೊಡೆದ ಮೇಲೆ ಅವರ ಕೆಲಸವನ್ನೂ ನೀವೇ ಮಾಡಿದ್ರಾ, ಮೇಲೆ ಗಾಡಿ ಓಡ್ತಿದೆ, ಮಾಸ್ತರರು ಬದುಕಿದ್ದಾರೆ ಅಂತ ಕೆಳಗಿದ್ದವರಿಗೆ ಅನ್ನಿಸಲಿ ಅಂತ?"

ಅವನು ಕಾಲು ಸುಟ್ಟವನಂತೆ ಆ ಜಾಗದಿಂದ ಹಿಂದೆ ಸರಿದ.

"ಮೂರಕ್ಕೆ ಮುಂಚೆನಾ?"

"ನಾಟಕ ಬೇಡ."

"ಅವನು ಬಿದ್ದಿದ್ದು ಐದರ ಹೊತ್ತಿಗೆ ಅಂದ್ಕೊಂಡಿದ್ದೆ. ನಾನು ಹೋದ ಮೇಲೆ. ಎಲ್ಲರೂ ಹಾಗೇ ಹೇಳಿದ್ರು. ನನ್ನ ಹೆಂಡತಿ ಕಾಫಿ ತಂದು ನೋಡಿದ್ದು ಐದೂವರೆಗೆ." ಅವನು ಬೆರಳು ಮಡಿಚಿ ಏನೋ ಲೆಕ್ಕ ಹಾಕಿದ. "ಮೇಡಂ, ನಂಗೆ ಗಂಟೆ ಬರ್ತಾನೇ ಇತ್ತು. ಸಿಮೆಂಟಿಗೆ ಬಂತು. ಮರಕ್ಕೆ ಬಂತು. ಎರಡು ಒತ್ತಿದ್ರು, ನಾನು ಮೂರು ಒತ್ತಿದೆ, ಗಾಡಿ ಬಂತು."

"ಒತ್ತಿದ್ರು ಅಂದ್ರಿ. ಒತ್ತಿದ ಅನ್ನಲಿಲ್ಲ."

ಅವನು ತುಟಿ ಕಚ್ಚಿದ.

"ಟ್ಯಾಂಕರ್ ಗಾಡಿ ಆದ ಮೇಲೆ ಹತ್ತು ನಿಮಿಷ ಈ ಕಡೆ ಸದ್ದಿರಲಿಲ್ಲ," ಎಂದ. "ಏನೋ ದಪ್ ಅಂತ ಕೇಳಿಸಿತ್ತು. ಚೀಟಿ ಪೆಟ್ಟಿಗೆ ಬೀಳಿಸಿದ ಅಂದ್ಕೊಂಡೆ. ಆಮೇಲೆ ಗಂಟೆ ಬಂತು. ಅಣ್ಣ ಗಂಟೆ ಒತ್ತಿದ್ರೆ ಟಿಣ್, ಟಿಣ್ ಅಂತ ಬಿಡಿಬಿಡಿ. ಇದು ಒಂದರ ಮೇಲೊಂದು ಬಿದ್ದ ಹಾಗಿತ್ತು. ಸುಸ್ತಾಗಿದೆಯೇನೋ, ಬೇಗ ಮುಗಿಸೋ ಆತುರವೇನೋ ಅಂತ ಸುಮ್ಮನಾದೆ."

"ನಿಮ್ಮಿಬ್ಬರ ಗಂಟೆ ಲೆಕ್ಕ ಮೂರನೆಯವರಿಗೆ ಹೇಗೆ ಗೊತ್ತು?"

"ಅದೇ." ಅವನ ಕಣ್ಣಲ್ಲಿ ಹಳೆಯ ಸಿಟ್ಟು ಮತ್ತೆ ಮಿಂಚಿತು. "ಅವನೇ ಹೇಳಿಕೊಟ್ಟಿರಬೇಕು. ಅದಕ್ಕೇ ಅವತ್ತು ನಾನು ತಿರುಗಿ ನೋಡದೆ ಹೋಗಿದ್ದು."

"ಅಂದ್ರೆ?"

"ಮರದ ಗಾಡಿ ನಿಲ್ಲಿಸಿ, ಮುಗೀತು ಅಂತ ಒಂದು ಉದ್ದ ಗಂಟೆ ಒತ್ತಿದೆ. ಅವನೂ ಒಂದು ಉದ್ದ ಒತ್ತಬೇಕು. ಏಳು ವರ್ಷದ ಕಟ್ಟಳೆ. ಅವತ್ತು ಗಂಟೆ ಬರಲಿಲ್ಲ." ಅವನು ಗುಡ್ಡದ ಕಡೆ ನೋಡಿದ. "ಮಾತು ಬಂತು."

"ಏನಂತ?"

"'ಇವತ್ತಿಗೆ ಸಾಕು ಚಿಕ್ಕಪ್ಪ, ನೀವಿನ್ನು ಹೋಗಿ.' ಅಷ್ಟೇ."

ಚಿಕ್ಕಪ್ಪ. ಆಕೆಯ ಜೇಬಿನಲ್ಲಿದ್ದ ದೂರಿನ ಕಾಗದ ಒಮ್ಮೆಲೇ ಭಾರವಾಯಿತು. ಇವನ ಹೆಂಡತಿಗೆ ಇವನು ರೀ, ಬೀದಿಯವರಿಗೆ ಗಾರ್ಡು. ಇವನನ್ನು ಚಿಕ್ಕಪ್ಪ ಎನ್ನುವ ಬಾಯಿ ಒಂದೇ. ಮಾಸ್ತರರ ಒಬ್ಬಳೇ ಮಗಳು. ದೂರು ಕೊಟ್ಟವಳು, ದಿನಕ್ಕೆರಡು ಸಲ ಫೋನು ಮಾಡಿ ಎಲ್ಲಿಗೆ ಬಂತು ಎಂದು ವಿಚಾರಿಸುವವಳು. ಆ ಭಾನುವಾರ ತನ್ನ ಶಾಲೆಯ ಪರೀಕ್ಷೆ ಕೆಲಸದಲ್ಲಿದ್ದೆ ಎಂದವಳು. ಆ ಊರಿಗೆ ಬಸ್ಸಿನಲ್ಲಿ ಐದು ಗಂಟೆಯ ದಾರಿ.

"ಇದನ್ನ ಮೊದಲೇ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನಾನು ಇಲ್ಲಿದ್ದೆ ಅಂತ ಒಪ್ಪಿಕೊಂಡ ಹಾಗೆ. ಅಣ್ಣನ ಶತ್ರು, ಅವನು ಸತ್ತ ದಿನ, ಅವನ ಕೋಣೇಲಿ. ನೀವು ನಂಬ್ತಿದ್ರಾ?"

"ಮಗಳನ್ನ ಉಳಿಸಕ್ಕೆ ಸುಮ್ಮನಿದ್ರಿ."

"ಯಾವ ಮಗಳು?"

"ನಿಮ್ಮಣ್ಣನ ಮಗಳು. ಆದ್ರೆ ನಾನು ವಿಚಾರಿಸಿದ್ದೀನಿ, ಅವಳು ಅವತ್ತು ನಾಲ್ಕು ಗಂಟೆಗೆ ಶಾಲೇಲಿ ಸಹಿ ಹಾಕಿದ್ದಾಳೆ. ಐವತ್ತು ಜನ ನೋಡಿದ್ದಾರೆ. ಹಾಗಾದ್ರೆ ನೀವು ಸುಳ್ಳು ಹೇಳ್ತಿದ್ದೀರಿ, ಇಲ್ಲ ಆ ಐವತ್ತು ಜನ ಸುಳ್ಳು ಹೇಳ್ತಿದ್ದಾರೆ."

ತಮ್ಮ ಆಕೆಯನ್ನು ದಿಟ್ಟಿಸಿ ನೋಡಿದ. ಆ ನೋಟದಲ್ಲಿ ಸಿಟ್ಟೂ ಇತ್ತು, ಇನ್ನೇನೋ ಇತ್ತು.

"ಅವಳು ಅಂತ ನಾನು ಹೇಳಿದ್ನಾ? ಆ ಹುಡುಗಿಯನ್ನ ಯಾಕೆ ಎಳೀತೀರಿ? ಅದು ಗಂಡಸಿನ ದನಿ ಮೇಡಂ. ಮೂವತ್ತೋ ನಲವತ್ತೋ ಇರಬೇಕು. ಇಲ್ಲೇ, ಈ ಹಲಗೆ ಹತ್ತಿರ ನಿಂತ್ಕೊಂಡು, ಹುಟ್ಟಿದಾಗಿನಿಂದ ಕರೆದ ಹಾಗೆ ಚಿಕ್ಕಪ್ಪ ಅಂದ. ಯಾರನ್ನೋ ಕರ್ಕೊಂಡು ಬಂದು ನಮ್ಮ ಗುಟ್ಟು ಬಿಟ್ಟುಕೊಟ್ಟನಲ್ಲ ಅಂತ ನಂಗೆ ಮೈಯೆಲ್ಲ ಉರೀತು. ಬಾಗಿಲು ಹಾಕ್ಕೊಂಡು ಇಳಿದೆ. ಒಂದು ಸಲ ಈ ಕಡೆ ಬಗ್ಗಿ ನೋಡಿದ್ರೆ..."

"ನಿಮ್ಮಣ್ಣನಿಗೆ ಗಂಡು ಮಕ್ಕಳಿಲ್ಲ."

"ಇಲ್ಲ."

"ನೆಂಟರಲ್ಲಿ ಯಾರಾದ್ರೂ?"

"ಚಿಕ್ಕಪ್ಪ ಅನ್ನೋವರು ಯಾರೂ ಇಲ್ಲ. ಹನ್ನೆರಡು ದಿನದಿಂದ ಅದನ್ನೇ ಯೋಚಿಸ್ತಿದ್ದೀನಿ. ನಮ್ಮ ವಂಶದಲ್ಲಿ ಅಂಥವನು ಒಬ್ಬನೂ ಇಲ್ಲ."

ಬಾಗಿಲ ಕಡೆ ಬಟ್ಟೆಯ ಸದ್ದಾಯಿತು. ಇಬ್ಬರೂ ತಿರುಗಿದರು.

ಅವನ ಹೆಂಡತಿ ಹೊಸ್ತಿಲಲ್ಲಿ ನಿಂತಿದ್ದಳು. ಗುಜರಿಯವರು ಬಂದರೆಂದು ಹೇಳಲು ಹತ್ತಿದವಳು ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಗಂಡ ಆ ಕೋಣೆಯೊಳಗೆ ನಿಂತಿರುವುದಾಗಲಿ, ಏಳು ವರ್ಷ ತನಗೆ ಮುಚ್ಚಿಟ್ಟದ್ದಾಗಲಿ ಅವಳ ಗಮನಕ್ಕೆ ಬಂದಂತಿರಲಿಲ್ಲ. ನಾಲ್ಕು ದಿನದಿಂದ ಇನ್‌ಸ್ಪೆಕ್ಟರ್ ಕಂಡಿದ್ದ ಆ ಗಡಸು ಮುಖದಲ್ಲಿ ಈಗ ಗಡಸು ಎಳ್ಳಷ್ಟೂ ಉಳಿದಿರಲಿಲ್ಲ.

ಅವಳು ಗೋಡೆ ಹಿಡಿದುಕೊಂಡು, ಮೆಲ್ಲಗೆ ನೆಲಕ್ಕೆ ಕುಸಿದು ಕೂತಳು.

"ಬಂದೇಬಿಟ್ಟಿದ್ನಾ ಅವನು?" ಎಂದಳು. "ಭಾವನವರು ಯಾರಿಗೂ ಹೇಳದೆ ಮುಚ್ಚಿಟ್ಟಿದ್ದ ಆ ಮಗ?"